ಜಂಪ್ ಸ್ಟಾರ್ಟ್ (ಮೋಟಾರು ವಾಹನ)

ಜಂಪ್ ಸ್ಟಾರ್ಟ್ ಎಂಬುದು ಬ್ಯಾಟರಿ ಬರಿದಾಗಿ ನಿಂತುಹೋದ ಮೋಟಾರು ವಾಹನದ ಎಂಜಿನ್ನನ್ನು, ಮತ್ತೊಂದು ವಾಹನದ ಬ್ಯಾಟರಿಯಿಂದ ಅಥವಾ ಕೈಯಲ್ಲಿ ಒಯ್ಯಬಹುದಾದ ವಿದ್ಯುತ್ ಮೂಲದಿಂದ ತಾತ್ಕಾಲಿಕವಾಗಿ ವಿದ್ಯುತ್ ಪಡೆದು ಚಾಲನೆಗೊಳಿಸುವ ವಿಧಾನ. ಇದಕ್ಕೆ ಬಳಸುವ ದಪ್ಪ ತಂತಿಗಳ ಜೋಡಿಯನ್ನು ಜಂಪರ್ ಕೇಬಲ್ ಎಂದು ಕರೆಯುತ್ತಾರೆ. ಎಂಜಿನ್ ಒಮ್ಮೆ ಚಾಲನೆಗೊಂಡರೆ ಅದರೊಡನೆ ತಿರುಗುವ ಆಲ್ಟರ್ನೇಟರ್ ವಾಹನಕ್ಕೆ ಬೇಕಾದ ವಿದ್ಯುತ್ತನ್ನು ಒದಗಿಸುತ್ತದೆ, ಬ್ಯಾಟರಿಯನ್ನೂ ತುಂಬತೊಡಗುತ್ತದೆ. ಆದ್ದರಿಂದ ಹೊರಗಿನ ನೆರವು ಕೆಲವು ನಿಮಿಷಗಳ ಮಟ್ಟಿಗೆ ಮಾತ್ರ ಬೇಕಾಗುತ್ತದೆ.

ಕ್ರಮ ತಪ್ಪದೆ ಮಾಡಿದರೆ ಇದು ವಿಶೇಷ ತರಬೇತಿಯಿಲ್ಲದವರೂ ಮಾಡಬಹುದಾದ ಕೆಲಸ. ಆದರೆ ಕಾರಿನ ಸೀಸ-ಆಮ್ಲ ಬ್ಯಾಟರಿಯೊಳಗೆ ಗಂಧಕಾಮ್ಲವಿರುತ್ತದೆ, ಅದರ ಸುತ್ತ ಬೇಗನೆ ಹೊತ್ತಿಕೊಳ್ಳುವ ಜಲಜನಕ ಅನಿಲ ಸೇರಿರಬಹುದು. ತಂತಿಯ ಕೊನೆಯ ತುದಿಯನ್ನು ತಾಗಿಸುವಾಗ ಹಾರುವ ಒಂದು ಕಿಡಿ ಬ್ಯಾಟರಿಯನ್ನು ಸಿಡಿಸಿ, ಅದರ ಮೇಲೆ ಬಾಗಿರುವವರ ಮುಖಕ್ಕೂ ಕಣ್ಣಿಗೂ ಆಮ್ಲವನ್ನು ಎರಚಬಲ್ಲದು. ಜೋಡಣೆಯ ಅನುಕ್ರಮಕ್ಕೆ ಇಷ್ಟೊಂದು ಮಹತ್ವವಿರುವುದು ಈ ಕಾರಣದಿಂದಲೇ.

## ಹಿನ್ನೆಲೆ

ಸೀಸ-ಆಮ್ಲ ಬ್ಯಾಟರಿಯನ್ನು ಫ್ರಾನ್ಸ್ ದೇಶದ ಭೌತವಿಜ್ಞಾನಿ ಗಾಸ್ಟೋನ್ ಪ್ಲಾಂಟೆ 1859ರಲ್ಲಿ ರೂಪಿಸಿದನು. ಮೋಟಾರು ಕಾರುಗಳು ಬಂದ ಮೊದಲ ದಶಕಗಳಲ್ಲಿ ಎಂಜಿನ್ನಿನ ಮುಂಭಾಗಕ್ಕೆ ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ, ಅದನ್ನು ಕೈಯಿಂದ ತಿರುಗಿಸಿ ಚಾಲನೆಗೊಳಿಸಬೇಕಾಗಿತ್ತು. ಎಂಜಿನ್ ಹಿಮ್ಮುಖವಾಗಿ ಒದ್ದಾಗ ಹ್ಯಾಂಡಲ್ ಬಡಿದು ಮಣಿಕಟ್ಟು, ತೋಳುಗಳ ಮೂಳೆ ಮುರಿಯುವುದು ಆ ಕಾಲದ ಸಾಮಾನ್ಯ ಅವಘಡವಾಗಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಅಳವಡಿಕೆಯಾದ ಬಳಿಕ ಹ್ಯಾಂಡಲ್ ಕ್ರಮೇಣ ಮರೆಯಾಯಿತು. ಅಲ್ಲಿಂದ ಮುಂದೆ ಬ್ಯಾಟರಿಯ ಶಕ್ತಿಯಿಲ್ಲದೆ ಕಾರು ಹೊರಡದು ಎಂಬ ಸ್ಥಿತಿಯೂ ಬಂದಿತು.

ಹಿಂದೆ ಅನೇಕ ಕಾರುಗಳಲ್ಲಿ 6 ವೋಲ್ಟ್ ವ್ಯವಸ್ಥೆಯಿತ್ತು. 1950ರ ದಶಕದಿಂದೀಚೆಗೆ 12 ವೋಲ್ಟ್ ವ್ಯವಸ್ಥೆ ರೂಢಿಗೆ ಬಂದಿತು. ಇಂದು ಭಾರತದ ರಸ್ತೆಗಳಲ್ಲಿರುವ ಪೆಟ್ರೋಲ್ ಹಾಗೂ ಡೀಸೆಲ್ ಕಾರುಗಳ ವಿದ್ಯುತ್ ವ್ಯವಸ್ಥೆ 12 ವೋಲ್ಟಿನದು. ಅನೇಕ ಲಾರಿ, ಬಸ್ಸುಗಳಲ್ಲಿ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿದ 24 ವೋಲ್ಟ್ ವ್ಯವಸ್ಥೆ ಇರುತ್ತದೆ.

## ಬ್ಯಾಟರಿ ಬರಿದಾಗುವ ಬಗೆ

12 ವೋಲ್ಟಿನ ಬ್ಯಾಟರಿಯಲ್ಲಿ ಸುಮಾರು 2.1 ವೋಲ್ಟಿನ ಆರು ಕೋಶಗಳು ಸರಣಿಯಲ್ಲಿರುತ್ತವೆ. ಪ್ರತಿ ಕೋಶದಲ್ಲಿ ಸೀಸದ ಫಲಕಗಳೂ ಸೀಸದ ಡೈಆಕ್ಸೈಡ್ ಫಲಕಗಳೂ ನೀರು ಬೆರೆತ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ವಿದ್ಯುತ್ ಹೊರಗೆ ಹರಿದಂತೆಲ್ಲ ಎರಡು ಬಗೆಯ ಫಲಕಗಳ ಮೇಲೂ ಸೀಸದ ಸಲ್ಫೇಟ್ ಕೂಡುತ್ತದೆ, ಆಮ್ಲ ತೆಳುವಾಗುತ್ತ ನೀರಿನ ಅಂಶ ಹೆಚ್ಚುತ್ತದೆ. ಹೊರಗಿನಿಂದ ವಿದ್ಯುತ್ ಹಾಯಿಸಿದಾಗ ಈ ಕ್ರಿಯೆ ಹಿಂದುಮುಂದಾಗಿ ನಡೆಯುತ್ತದೆ. ಬ್ಯಾಟರಿಯನ್ನು ಬಹುಕಾಲ ಬರಿದಾಗಿಯೇ ಬಿಟ್ಟರೆ ಸಲ್ಫೇಟಿನ ಹರಳುಗಳು ಗಟ್ಟಿಯಾಗಿ ಮತ್ತೆ ಕರಗದೆ ಉಳಿಯುತ್ತವೆ. ಆಗ ಬ್ಯಾಟರಿಯ ಸಾಮರ್ಥ್ಯ ಶಾಶ್ವತವಾಗಿ ಕುಗ್ಗುತ್ತದೆ.

ಎಂಜಿನ್ ನಿಂತು ಕೆಲವು ಗಂಟೆಗಳಾದ ಮೇಲೆ ಮಲ್ಟಿಮೀಟರಿನಿಂದ ಅಳೆದ ವೋಲ್ಟೇಜು ಬ್ಯಾಟರಿಯ ಸ್ಥಿತಿಯನ್ನು ಸ್ಥೂಲವಾಗಿ ತಿಳಿಸುತ್ತದೆ:

* 12.6 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚು: ಪೂರ್ತಿ ತುಂಬಿದೆ.
* 12.4 ವೋಲ್ಟ್: ಸುಮಾರು ಮುಕ್ಕಾಲು ಭಾಗ ತುಂಬಿದೆ.
* 12.2 ವೋಲ್ಟ್: ಸುಮಾರು ಅರ್ಧ ಉಳಿದಿದೆ.
* 12.0 ವೋಲ್ಟ್: ಸುಮಾರು ಕಾಲು ಭಾಗ ಉಳಿದಿದೆ.
* 11.8 ವೋಲ್ಟ್ ಅಥವಾ ಅದಕ್ಕಿಂತ ಕಡಿಮೆ: ಬಹುತೇಕ ಬರಿದಾಗಿದೆ.

ದೀಪಗಳನ್ನು ಆರಿಸಲು ಮರೆಯುವುದು, ಬಾಗಿಲು ಸರಿಯಾಗಿ ಮುಚ್ಚದೆ ಒಳದೀಪ ಉರಿಯುತ್ತಲೇ ಇರುವುದು, ಎಂಜಿನ್ ನಿಲ್ಲಿಸಿ ಬಹಳ ಹೊತ್ತು ಸಂಗೀತ ಕೇಳುವುದು, ವಾಹನವನ್ನು ವಾರಗಟ್ಟಲೆ ಓಡಿಸದೆ ನಿಲ್ಲಿಸುವುದು ಬ್ಯಾಟರಿ ಬರಿದಾಗಲು ಸಾಮಾನ್ಯ ಕಾರಣಗಳು. ಕಾರು ನಿಂತಿದ್ದಾಗಲೂ ಕಳ್ಳತನ ತಡೆಯುವ ಅಲಾರಂ, ಗಡಿಯಾರ ಮೊದಲಾದವು ಅಲ್ಪ ಪ್ರಮಾಣದಲ್ಲಿ ವಿದ್ಯುತ್ ಎಳೆಯುತ್ತಿರುತ್ತವೆ. 2020ರ ಲಾಕ್‌ಡೌನ್ ಅವಧಿಯಲ್ಲಿ ತಿಂಗಳುಗಟ್ಟಲೆ ನಿಂತ ಅನೇಕ ಕಾರುಗಳು ಹೊರಡದಾದದ್ದು ಹೀಗೆಯೇ. ಚಳಿಗಾಲದಲ್ಲಿ ಬ್ಯಾಟರಿ ಕೊಡಬಲ್ಲ ವಿದ್ಯುತ್ತು ತಗ್ಗುತ್ತದೆ. ಆದರೆ ಬ್ಯಾಟರಿಯ ಆಯುಷ್ಯವನ್ನು ಹೆಚ್ಚಾಗಿ ಕಡಿಮೆ ಮಾಡುವುದು ಬಿಸಿಲು. ರಾಯಚೂರು, ಕಲಬುರಗಿಗಳಂತೆ ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಊರುಗಳಲ್ಲಿ ಬ್ಯಾಟರಿಯ ನೀರು ಬೇಗ ಆರುತ್ತದೆ, ಒಳಗಿನ ಫಲಕಗಳ ಸವೆತವೂ ಹೆಚ್ಚುತ್ತದೆ.

## ದೋಷವನ್ನು ಗುರುತಿಸುವುದು

ಹೊರಡದ ಕಾರುಗಳೆಲ್ಲವೂ ಬ್ಯಾಟರಿಯ ದೋಷದಿಂದಲೇ ನಿಂತಿರುವುದಿಲ್ಲ. ಕೀಲಿ ತಿರುಗಿಸಿದಾಗ ಸ್ಟಾರ್ಟರ್ ಮೋಟಾರು ನಿಧಾನವಾಗಿ ನರಳುವುದು, ‘ಟಕ್ ಟಕ್’ ಎಂಬ ಸದ್ದು ಮಾತ್ರ ಬರುವುದು, ಡ್ಯಾಶ್‌ಬೋರ್ಡಿನ ದೀಪಗಳು ಮಂಕಾಗುವುದು, ಹಾರ್ನ್ ಕ್ಷೀಣವಾಗುವುದು ಬ್ಯಾಟರಿ ಬರಿದಾದುದರ ಲಕ್ಷಣಗಳು. ಸ್ಟಾರ್ಟರ್ ಎಂದಿನ ವೇಗದಲ್ಲಿ ತಿರುಗಿಯೂ ಎಂಜಿನ್ ಹೊತ್ತಿಕೊಳ್ಳದಿದ್ದರೆ ಇಂಧನದಲ್ಲೋ ಇಗ್ನಿಷನ್ನಿನಲ್ಲೋ ದೋಷವಿರುತ್ತದೆ. ಅಂಥ ವಾಹನಕ್ಕೆ ಜಂಪ್ ಸ್ಟಾರ್ಟ್ ಮಾಡುವುದರಿಂದ ಪ್ರಯೋಜನವಿಲ್ಲ.

ಬ್ಯಾಟರಿಯ ಕಂಬಗಳಿಗೆ ಬಿಗಿದ ಪಟ್ಟಿಗಳು ಸಡಿಲವಾಗಿದ್ದರೂ, ಅವುಗಳ ಮೇಲೆ ಬಿಳಿ ಅಥವಾ ಹಸಿರು ಬಣ್ಣದ ಪುಡಿ ಕಟ್ಟಿಕೊಂಡಿದ್ದರೂ ಇದೇ ಲಕ್ಷಣಗಳು ಕಾಣುತ್ತವೆ. ಎಷ್ಟೋ ಸಲ ಪಟ್ಟಿಯನ್ನು ಬಿಗಿಗೊಳಿಸಿದರೆ ಕಾರು ಹೊರಡುತ್ತದೆ.

## ಅಪಾಯಗಳು

### ಜಲಜನಕದ ಸ್ಫೋಟ

ಬ್ಯಾಟರಿಗೆ ವಿದ್ಯುತ್ ತುಂಬುವಾಗ ಅದರೊಳಗಿನ ನೀರಿನ ಒಂದಿಷ್ಟು ಭಾಗ ವಿಭಜನೆಗೊಂಡು ಜಲಜನಕ ಮತ್ತು ಆಮ್ಲಜನಕ ಅನಿಲಗಳಾಗುತ್ತದೆ. ಗಾಳಿಯಲ್ಲಿ ಜಲಜನಕದ ಪ್ರಮಾಣ ಶೇಕಡಾ 4ನ್ನು ದಾಟಿದರೆ ಅದು ಹೊತ್ತಿಕೊಳ್ಳಬಲ್ಲದು, ಹೊತ್ತಿಸಲು ಅತ್ಯಲ್ಪ ಶಕ್ತಿಯ ಕಿಡಿ ಸಾಕು. ಈ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹೀಗಾಗಿ ಅದು ಸೇರಿಕೊಂಡಿರುವುದು ಇಂದ್ರಿಯಗಳಿಗೆ ತಿಳಿಯುವುದಿಲ್ಲ. ವಿದ್ಯುತ್ ಮಂಡಲ ಪೂರ್ಣವಾಗುವುದು ಕೊನೆಯ ತುದಿಯನ್ನು ತಾಗಿಸುವ ಕ್ಷಣದಲ್ಲಿ. ಕಿಡಿ ಹಾರುವುದೂ ಆಗಲೇ. ಈ ಕಿಡಿಯನ್ನು ಪೂರ್ತಿ ತಪ್ಪಿಸಲಾಗದು. ಆದರೆ ಅದು ಬ್ಯಾಟರಿಯಿಂದ ದೂರದಲ್ಲಿ ಹಾರುವಂತೆ ಮಾಡಬಹುದು. ಕೊನೆಯ ತುದಿಯನ್ನು ಬರಿದಾದ ಬ್ಯಾಟರಿಯ ಋಣಾಗ್ರಕ್ಕೆ ಹಾಕದೆ ಎಂಜಿನ್ನಿನ ಲೋಹಕ್ಕೆ ಹಾಕುವುದರ ಉದ್ದೇಶ ಇಷ್ಟೇ.

### ಆಮ್ಲ

ಬ್ಯಾಟರಿಯ ಗಂಧಕಾಮ್ಲ ಚರ್ಮವನ್ನು ಸುಡುತ್ತದೆ, ಬಟ್ಟೆಯನ್ನು ತಿನ್ನುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕುತ್ತು ತರಬಲ್ಲದು. ಕಣ್ಣಿಗೆ ಸಿಡಿದಾಗ ಉಜ್ಜದೆ, ರೆಪ್ಪೆಗಳನ್ನು ಬಿಡಿಸಿ ಹಿಡಿದು, ಶುದ್ಧ ನೀರನ್ನು ಕನಿಷ್ಠ 15 ನಿಮಿಷ ಎಡೆಬಿಡದೆ ಹರಿಸಬೇಕು. ಬಳಿಕ ತಡಮಾಡದೆ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಚರ್ಮದ ಮೇಲೆ ಬಿದ್ದರೆ ಆ ಭಾಗದ ಬಟ್ಟೆ ತೆಗೆದು ಧಾರಾಳ ನೀರಿನಿಂದ ತೊಳೆಯಬೇಕು. ಅಡುಗೆ ಸೋಡಾ ಬೆರೆಸಿದ ನೀರು ಲೋಹದ ಭಾಗಗಳ ಮೇಲೆ ಚೆಲ್ಲಿದ ಆಮ್ಲವನ್ನು ಶಮನಗೊಳಿಸುತ್ತದೆ. ಅದನ್ನು ಕಣ್ಣಿಗೆ ಹಾಕಬಾರದು.

### ಶಾರ್ಟ್ ಸರ್ಕ್ಯೂಟ್

12 ವೋಲ್ಟ್ ವಿದ್ಯುತ್ತು ಮನುಷ್ಯರಿಗೆ ಸಾಮಾನ್ಯವಾಗಿ ಶಾಕ್ ಹೊಡೆಯುವುದಿಲ್ಲ. ಆದರೆ ಬ್ಯಾಟರಿಯಿಂದ ನೂರಾರು ಆಂಪಿಯರ್ ಪ್ರವಾಹ ಹರಿಯಬಲ್ಲದು. ಸ್ಪ್ಯಾನರ್, ಉಂಗುರ, ಬಳೆ ಅಥವಾ ಕೈಗಡಿಯಾರದ ಲೋಹದ ಪಟ್ಟಿ ಧನಾಗ್ರವನ್ನೂ ಕಾರಿನ ಮೈಯನ್ನೂ ಒಟ್ಟಿಗೆ ತಾಗಿದರೆ ಕ್ಷಣಮಾತ್ರದಲ್ಲಿ ಕೆಂಪಗೆ ಕಾಯುತ್ತದೆ. ಕೆಲಸಕ್ಕೆ ಮುನ್ನ ಇವನ್ನು ತೆಗೆದಿಡುವುದು ಅಗತ್ಯ.

### ಅದಲುಬದಲು ಜೋಡಣೆ

ಧನಾಗ್ರಕ್ಕೆ ಋಣಾಗ್ರವನ್ನು ಜೋಡಿಸಿದರೆ ಫ್ಯೂಸುಗಳು ಉರಿದುಹೋಗುತ್ತವೆ. ಆಲ್ಟರ್ನೇಟರಿನ ಡಯೋಡುಗಳು ಹಾಗೂ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಹಾಳಾಗಬಹುದು, ಬ್ಯಾಟರಿಯೂ ಸಿಡಿಯಬಹುದು. ಧನಾಗ್ರದ ಬಳಿ ‘+’ ಚಿಹ್ನೆಯೂ ಸಾಮಾನ್ಯವಾಗಿ ಕೆಂಪು ಮುಚ್ಚಳವೂ ಇರುತ್ತವೆ, ಋಣಾಗ್ರದ ಬಳಿ ‘−’ ಚಿಹ್ನೆ ಇರುತ್ತದೆ. ತಂತಿಗಳ ಬಣ್ಣವನ್ನು ಮಾತ್ರ ನೋಡಿ ನಿರ್ಧರಿಸದೆ ಬ್ಯಾಟರಿಯ ಮೇಲಿನ ಚಿಹ್ನೆಯನ್ನು ಓದಬೇಕು. ಕತ್ತಲಿದ್ದರೆ ಟಾರ್ಚ್ ಬಳಸಬೇಕು, ಕಡ್ಡಿ ಗೀರಬಾರದು.

## ಯಾವಾಗ ಮಾಡಬಾರದು

* ಬ್ಯಾಟರಿಯ ಹೊರಕವಚ ಬಿರುಕುಬಿಟ್ಟಿದ್ದರೆ, ಉಬ್ಬಿದ್ದರೆ ಅಥವಾ ಸೋರುತ್ತಿದ್ದರೆ.
* ಕೊಳೆತ ಮೊಟ್ಟೆಯ ವಾಸನೆ ಬರುತ್ತಿದ್ದರೆ. ಇದು ಬ್ಯಾಟರಿ ಒಳಗೆ ಕೆಟ್ಟಿರುವುದರ ಸೂಚನೆ.
* ಬ್ಯಾಟರಿಯ ದ್ರವ ಹೆಪ್ಪುಗಟ್ಟಿದ್ದರೆ. ಬರಿದಾದ ಬ್ಯಾಟರಿಯಲ್ಲಿ ನೀರಿನ ಅಂಶ ಹೆಚ್ಚಿರುವುದರಿಂದ ಅದು ತುಂಬಿದ ಬ್ಯಾಟರಿಗಿಂತ ಬಹಳ ಬೇಗ ಹೆಪ್ಪುಗಟ್ಟುತ್ತದೆ. ಕರ್ನಾಟಕದಲ್ಲಿ ಈ ಸಂದರ್ಭ ಬಾರದು. ಲಡಾಖಿನ ಚಳಿಗಾಲದಲ್ಲಿ, ಕೆನಡಾದಂಥ ದೇಶಗಳಲ್ಲಿ ಇದನ್ನು ಪರೀಕ್ಷಿಸಲೇಬೇಕು.
* ಪೆಟ್ರೋಲ್ ಅಥವಾ ಅನಿಲ ಸೋರಿಕೆಯ ವಾಸನೆ ಬರುತ್ತಿದ್ದರೆ.
* ಎರಡು ವಾಹನಗಳ ವೋಲ್ಟೇಜು ಬೇರೆಬೇರೆಯಾಗಿದ್ದರೆ.

ಕೊನೆಯ ಅಂಶ ಹೆದ್ದಾರಿಗಳಲ್ಲಿ ಮುಖ್ಯವಾದುದು. ಅಲ್ಲಿ ನೆರವಿಗೆ ನಿಲ್ಲುವ ವಾಹನ ಲಾರಿಯೂ ಆಗಿರಬಹುದು. 24 ವೋಲ್ಟಿನ ಲಾರಿಯಿಂದ 12 ವೋಲ್ಟಿನ ಕಾರಿಗೆ ವಿದ್ಯುತ್ ಕೊಟ್ಟರೆ ಕಾರಿನ ವಿದ್ಯುನ್ಮಾನ ಭಾಗಗಳು ಸುಟ್ಟುಹೋಗಬಹುದು, ಬ್ಯಾಟರಿ ಸ್ಫೋಟಿಸಬಹುದು. ಲಾರಿಯ ಎರಡು ಬ್ಯಾಟರಿಗಳಲ್ಲಿ ಯಾವುದು ಯಾವುದಕ್ಕೆ ಸೇರಿದೆ ಎಂಬುದು ಹೊರನೋಟಕ್ಕೆ ತಿಳಿಯದ ಕಾರಣ, ಅವುಗಳಲ್ಲಿ ಒಂದನ್ನು ಮಾತ್ರ ಬಳಸುವ ಪ್ರಯತ್ನವೂ ಸಲ್ಲದು.

## ಕೇಬಲ್ಲಿನ ಆಯ್ಕೆ

ಕಾರಿನ ಸ್ಟಾರ್ಟರ್ ಮೋಟಾರು ನೂರರಿಂದ ಇನ್ನೂರು ಆಂಪಿಯರ್, ಕೆಲವೊಮ್ಮೆ ಅದಕ್ಕೂ ಹೆಚ್ಚು ಪ್ರವಾಹವನ್ನು ಎಳೆಯುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಒತ್ತಡ ಹೆಚ್ಚಿರುವುದರಿಂದ ಅದನ್ನು ತಿರುಗಿಸಲು ಹೆಚ್ಚಿನ ಪ್ರವಾಹ ಬೇಕು. ತಂತಿ ತೆಳುವಾದಷ್ಟೂ ಅದರ ರೋಧ ಹೆಚ್ಚುತ್ತದೆ, ಆ ಮಟ್ಟಿಗೆ ವೋಲ್ಟೇಜು ದಾರಿಯಲ್ಲೇ ನಷ್ಟವಾಗುತ್ತದೆ. ಮೂರು ಮೀಟರ್ ಉದ್ದದ ಎರಡು ತಾಮ್ರದ ತಂತಿಗಳಲ್ಲಿ 200 ಆಂಪಿಯರ್ ಹರಿಯುವಾಗ ಆಗುವ ನಷ್ಟವನ್ನು ಲೆಕ್ಕ ಹಾಕಿದರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ:

* ಅಡ್ಡಕೊಯ್ತ 6 ಚದರ ಮಿಲಿಮೀಟರ್: ಸುಮಾರು 3.4 ವೋಲ್ಟ್ ನಷ್ಟ.
* ಅಡ್ಡಕೊಯ್ತ 16 ಚದರ ಮಿಲಿಮೀಟರ್: ಸುಮಾರು 1.3 ವೋಲ್ಟ್ ನಷ್ಟ.
* ಅಡ್ಡಕೊಯ್ತ 25 ಚದರ ಮಿಲಿಮೀಟರ್: ಸುಮಾರು 0.8 ವೋಲ್ಟ್ ನಷ್ಟ.

ಆದ್ದರಿಂದ ಸಣ್ಣ ಪೆಟ್ರೋಲ್ ಕಾರುಗಳಿಗೆ 16 ಚದರ ಮಿಲಿಮೀಟರ್, ಡೀಸೆಲ್ ಹಾಗೂ ದೊಡ್ಡ ಎಂಜಿನ್ನಿನ ಕಾರುಗಳಿಗೆ 25 ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿ ಸೂಕ್ತ. ಮೇಲಿನ ಪ್ಲಾಸ್ಟಿಕ್ ಹೊದಿಕೆ ದಪ್ಪವಾಗಿದ್ದ ಮಾತ್ರಕ್ಕೆ ಒಳಗಿನ ಲೋಹವೂ ದಪ್ಪವಾಗಿರುವುದೆಂದು ಹೇಳಲಾಗದು. ತೆಳು ತಂತಿ ಕಾಯ್ದು ಹೊದಿಕೆ ಕರಗುವುದೂ ಉಂಟು. ಮನೆಯ ವೈರಿಂಗಿಗೆ ಬಳಸುವ ತಂತಿಯ ತುಂಡುಗಳನ್ನು ಈ ಕೆಲಸಕ್ಕೆ ಬಳಸಕೂಡದು.

## ಸಿದ್ಧತೆ

ನೆರವು ನೀಡುವ ವಾಹನವನ್ನು ಕೇಬಲ್ ಎಟಕುವಷ್ಟು ಹತ್ತಿರಕ್ಕೆ ತರಬೇಕು, ಆದರೆ ಎರಡು ವಾಹನಗಳು ಒಂದಕ್ಕೊಂದು ತಾಗಬಾರದು. ತಾಗಿದರೆ ಅವುಗಳ ಮೈಯ ಮೂಲಕವೇ ವಿದ್ಯುತ್ ಹರಿಯಬಹುದು. ಎರಡರ ಎಂಜಿನ್ನನ್ನೂ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗೇರನ್ನು ನ್ಯೂಟ್ರಲ್‌ನಲ್ಲಿಡಬೇಕು. ಆಟೋಮ್ಯಾಟಿಕ್ ಕಾರಾದರೆ ಪಾರ್ಕ್ ಸ್ಥಾನದಲ್ಲಿಡಬೇಕು. ದೀಪ, ಎ.ಸಿ., ರೇಡಿಯೋ ಮೊದಲಾದವನ್ನು ಆರಿಸಿ, ಚಾರ್ಜ್ ಆಗುತ್ತಿರುವ ಮೊಬೈಲನ್ನು ಕಳಚಬೇಕು. ಕನ್ನಡಕ ಅಥವಾ ರಕ್ಷಣಾ ಕನ್ನಡಕ ಧರಿಸುವುದು, ಬ್ಯಾಟರಿಯ ಮೇಲೆ ಮುಖ ಬಾಗಿಸದಿರುವುದು, ಸುತ್ತಮುತ್ತ ಬೀಡಿ, ಸಿಗರೇಟು ಹಚ್ಚದಿರುವುದು ಅವಶ್ಯಕ. ರಸ್ತೆಯ ಬದಿಯಲ್ಲಾದರೆ ಎಚ್ಚರಿಕೆಯ ತ್ರಿಕೋನವನ್ನು ಹಿಂದೆ ಸಾಕಷ್ಟು ದೂರದಲ್ಲಿಟ್ಟು, ಮಕ್ಕಳನ್ನೂ ಇತರ ಪ್ರಯಾಣಿಕರನ್ನೂ ರಸ್ತೆಯಿಂದ ಆಚೆಗೆ ನಿಲ್ಲಿಸಬೇಕು.

ಎಲ್ಲ ಕಾರುಗಳ ಬ್ಯಾಟರಿಯೂ ಬಾನೆಟ್ಟಿನ ಕೆಳಗಿರುವುದಿಲ್ಲ. ಕೆಲವು ಕಾರುಗಳಲ್ಲಿ ಅದು ಡಿಕ್ಕಿಯಲ್ಲೋ ಆಸನದ ಕೆಳಗೋ ಇರುತ್ತದೆ. ಅಂಥವುಗಳಲ್ಲಿ ಜಂಪ್ ಸ್ಟಾರ್ಟಿಗೆಂದೇ ಬಾನೆಟ್ಟಿನೊಳಗೆ ಪ್ರತ್ಯೇಕ ಧನಾಗ್ರವನ್ನು ಕೊಟ್ಟಿರುವುದು ಸಾಮಾನ್ಯ. ಕಾರಿನ ಕೈಪಿಡಿಯಲ್ಲಿರುವ ಸೂಚನೆ ಈ ಲೇಖನದ ಸಾಮಾನ್ಯ ಕ್ರಮಕ್ಕಿಂತ ಭಿನ್ನವಾಗಿದ್ದರೆ ಕೈಪಿಡಿಯನ್ನೇ ಅನುಸರಿಸಬೇಕು.

## ಜೋಡಣೆಯ ಕ್ರಮ

ಇಲ್ಲಿ ಹೇಳಿರುವುದು ಋಣಾಗ್ರ ಕಾರಿನ ಮೈಗೆ ಸೇರಿರುವ ವಾಹನಗಳ ಕ್ರಮ. ಇಂದಿನ ಕಾರುಗಳು ಈ ಬಗೆಯವು. ಹಳೆಯ ಕೆಲವು ಬ್ರಿಟಿಷ್ ಕಾರುಗಳಲ್ಲಿ ಧನಾಗ್ರವು ಮೈಗೆ ಸೇರಿರುತ್ತಿತ್ತು.

1. ಕೆಂಪು ಕೇಬಲ್ಲಿನ ಒಂದು ತುದಿಯನ್ನು ಬರಿದಾದ ಬ್ಯಾಟರಿಯ ಧನಾಗ್ರಕ್ಕೆ ಕಚ್ಚಿಸಬೇಕು.
2. ಕೆಂಪು ಕೇಬಲ್ಲಿನ ಇನ್ನೊಂದು ತುದಿಯನ್ನು ತುಂಬಿದ ಬ್ಯಾಟರಿಯ ಧನಾಗ್ರಕ್ಕೆ ಕಚ್ಚಿಸಬೇಕು.
3. ಕಪ್ಪು ಕೇಬಲ್ಲಿನ ಒಂದು ತುದಿಯನ್ನು ತುಂಬಿದ ಬ್ಯಾಟರಿಯ ಋಣಾಗ್ರಕ್ಕೆ ಕಚ್ಚಿಸಬೇಕು.
4. ಕಪ್ಪು ಕೇಬಲ್ಲಿನ ಇನ್ನೊಂದು ತುದಿಯನ್ನು, ನಿಂತುಹೋದ ಕಾರಿನಲ್ಲಿ ಬ್ಯಾಟರಿಯಿಂದ ಸಾಧ್ಯವಾದಷ್ಟು ದೂರದಲ್ಲಿರುವ, ಬಣ್ಣ ಬಳಿಯದ ಗಟ್ಟಿ ಲೋಹದ ಭಾಗಕ್ಕೆ ಕಚ್ಚಿಸಬೇಕು. ಎಂಜಿನ್ನಿನ ಬೋಲ್ಟ್ ಅಥವಾ ಎಂಜಿನ್ ಎತ್ತಲು ಇರುವ ಕೊಂಡಿ ಇದಕ್ಕೆ ತಕ್ಕುದು. ಇಂಧನದ ಕೊಳವೆ ಹಾಗೂ ತಿರುಗುವ ಭಾಗಗಳ ಹತ್ತಿರ ಜೋಡಿಸಬಾರದು.
5. ಕೇಬಲ್ಲುಗಳು ಫ್ಯಾನ್ ಮತ್ತು ಬೆಲ್ಟುಗಳಿಗೆ ತಾಗದಂತಿವೆಯೇ ಎಂದು ನೋಡಿ, ನೆರವು ನೀಡುವ ವಾಹನದ ಎಂಜಿನ್ನನ್ನು ಚಾಲನೆಗೊಳಿಸಿ ಕೆಲವು ನಿಮಿಷ ಓಡಲು ಬಿಡಬೇಕು. ಈ ಅವಧಿಯಲ್ಲಿ ಬರಿದಾದ ಬ್ಯಾಟರಿಗೆ ತುಸು ವಿದ್ಯುತ್ ಸೇರುವುದರಿಂದ ಮುಂದಿನ ಹಂತದಲ್ಲಿ ಕೇಬಲ್ಲಿನ ಮೇಲಿನ ಹೊರೆ ಕಡಿಮೆಯಾಗುತ್ತದೆ.
6. ನಿಂತುಹೋದ ಕಾರಿನ ಸ್ಟಾರ್ಟರನ್ನು ತಿರುಗಿಸಬೇಕು. ಒಂದು ಸಲಕ್ಕೆ 10 ಸೆಕೆಂಡು ಮೀರಬಾರದು. ಹೊರಡದಿದ್ದರೆ ಒಂದೆರಡು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಬೇಕು. ಮೂರು ನಾಲ್ಕು ಪ್ರಯತ್ನಗಳಲ್ಲೂ ಹೊರಡದಿದ್ದರೆ ಮೆಕ್ಯಾನಿಕ್‌ನ ನೆರವು ಪಡೆಯಬೇಕು.

ಕೆಂಪು ಕೇಬಲ್ಲನ್ನು ಮೊದಲು ಜೋಡಿಸುವುದಕ್ಕೂ ಕಾರಣವಿದೆ. ಕಪ್ಪು ಕೇಬಲ್ಲು ಮೊದಲೇ ಎರಡೂ ಕಡೆ ಸೇರಿದ್ದರೆ ಎರಡು ಕಾರುಗಳ ಮೈಯೂ ಒಂದೇ ಮಂಡಲದ ಭಾಗವಾಗುತ್ತದೆ. ಆಗ ಒಂದು ತುದಿ ಧನಾಗ್ರಕ್ಕೆ ಸೇರಿರುವ ಕೆಂಪು ಕೇಬಲ್ಲಿನ ಇನ್ನೊಂದು ತುದಿ ಕೈತಪ್ಪಿ ಕಾರಿನ ಯಾವ ಲೋಹದ ಭಾಗಕ್ಕೆ ತಾಗಿದರೂ ಶಾರ್ಟ್ ಸರ್ಕ್ಯೂಟ್ ಆಗುತ್ತದೆ.

ಸ್ಟಾರ್ಟರ್ ತಿರುಗಿಸುವ ವೇಳೆ ನೆರವು ನೀಡುವ ವಾಹನದ ಎಂಜಿನ್ ಓಡುತ್ತಿರಬೇಕೇ ನಿಂತಿರಬೇಕೇ ಎಂಬ ವಿಷಯದಲ್ಲಿ ತಯಾರಕರ ಸೂಚನೆಗಳು ಒಂದೇ ತೆರನಾಗಿಲ್ಲ. ಓಡುತ್ತಿದ್ದರೆ ಹೆಚ್ಚು ವಿದ್ಯುತ್ ದೊರೆಯುತ್ತದೆ, ನಿಂತಿದ್ದರೆ ಅದರ ಆಲ್ಟರ್ನೇಟರಿನ ಮೇಲೆ ಹೊರೆ ಬೀಳುವುದಿಲ್ಲ.

## ಕೇಬಲ್ ಬಿಡಿಸುವ ಕ್ರಮ

ಎಂಜಿನ್ ಹೊರಟ ಮೇಲೆ ಅದನ್ನು ನಿಲ್ಲಿಸದೆ, ಜೋಡಿಸಿದ್ದಕ್ಕೆ ಸರಿಯಾಗಿ ವಿರುದ್ಧ ಕ್ರಮದಲ್ಲಿ ಕೇಬಲ್ಲುಗಳನ್ನು ಬಿಡಿಸಬೇಕು. ಮೊದಲು ಲೋಹದ ಭಾಗಕ್ಕೆ ಕಚ್ಚಿಸಿದ ಕಪ್ಪು ತುದಿ, ಆಮೇಲೆ ತುಂಬಿದ ಬ್ಯಾಟರಿಯ ಋಣಾಗ್ರ, ಅನಂತರ ಅದರ ಧನಾಗ್ರ, ಕೊನೆಗೆ ಹೊರಟ ಕಾರಿನ ಧನಾಗ್ರ. ಮಂಡಲ ಕಡಿಯುವಾಗಲೂ ಕಿಡಿ ಹಾರುತ್ತದೆ. ಮೊದಲ ತುದಿ ಬ್ಯಾಟರಿಯಿಂದ ದೂರವಿರುವುದರಿಂದ ಆ ಕಿಡಿಯೂ ದೂರದಲ್ಲೇ ಉಳಿಯುತ್ತದೆ. ಬಿಡಿಸಿದ ತುದಿಗಳು ಒಂದಕ್ಕೊಂದು ತಾಗಬಾರದು. ಕೇಬಲ್ ತೆಗೆಯುವ ಕ್ಷಣದಲ್ಲಿ ವೋಲ್ಟೇಜು ದಿಢೀರನೆ ಏರುವುದನ್ನು ತಗ್ಗಿಸಲು, ಅದಕ್ಕೆ ಮುನ್ನ ಗಾಳಿ ಬೀಸುವ ಬ್ಲೋವರನ್ನು ಹಾಕಿಡುವಂತೆ ಕೆಲವು ಕೈಪಿಡಿಗಳು ತಿಳಿಸುತ್ತವೆ.

## ಅನಂತರದ ಕ್ರಮಗಳು

ಜಂಪ್ ಸ್ಟಾರ್ಟ್ ಬ್ಯಾಟರಿಯ ದೋಷವನ್ನು ನಿವಾರಿಸುವುದಿಲ್ಲ. ಎಂಜಿನ್ನನ್ನು ಕೂಡಲೇ ನಿಲ್ಲಿಸಿದರೆ ಕಾರು ಮತ್ತೆ ಹೊರಡದೆ ಹೋಗಬಹುದು. ಕನಿಷ್ಠ ಅರ್ಧ ಗಂಟೆ ಕಾರನ್ನು ಓಡಿಸುವುದು ಒಳ್ಳೆಯದು. ನಿಂತಲ್ಲೇ ಎಂಜಿನ್ ಓಡಿಸುವುದಾದರೆ ಮುಚ್ಚಿದ ಗ್ಯಾರೇಜಿನೊಳಗೆ ಓಡಿಸಬಾರದು, ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಪ್ರಾಣಾಪಾಯ ತರಬಲ್ಲದು. ಪೂರ್ತಿ ಬರಿದಾದ ಬ್ಯಾಟರಿ ಅರ್ಧ ಗಂಟೆಯ ಓಟದಿಂದ ತುಂಬುವುದಿಲ್ಲ. ಅದಕ್ಕೆ ಬ್ಯಾಟರಿ ಚಾರ್ಜರಿನಿಂದ ಹಲವು ಗಂಟೆಗಳ ಕಾಲ ನಿಧಾನವಾಗಿ ವಿದ್ಯುತ್ ತುಂಬಬೇಕು.

ಓಡುವ ಎಂಜಿನ್ನಿನಲ್ಲಿ ಬ್ಯಾಟರಿಯ ತುದಿಗಳ ನಡುವೆ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಇರುತ್ತದೆ. ಇದಕ್ಕಿಂತ ಬಹಳ ಕಡಿಮೆಯಿದ್ದರೆ, ಅಥವಾ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ಚಿತ್ರದ ಕೆಂಪು ದೀಪ ಆರದಿದ್ದರೆ, ದೋಷ ಆಲ್ಟರ್ನೇಟರಿನಲ್ಲೋ ಅದರ ಬೆಲ್ಟಿನಲ್ಲೋ ಇರುವ ಸಂಭವವಿದೆ. ಬದಲಾಯಿಸಿದ ಹಳೆಯ ಬ್ಯಾಟರಿಯನ್ನು ಕಸದೊಡನೆ ಎಸೆಯಬಾರದು. ಸೀಸ ವಿಷಕಾರಿ. ಭಾರತದಲ್ಲಿ ಹಳೆಯ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆಗೆ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅನ್ವಯಿಸುತ್ತವೆ. ಹೊಸತನ್ನು ಕೊಳ್ಳುವ ಅಂಗಡಿಯಲ್ಲೇ ಹಳೆಯದನ್ನು ಹಿಂತಿರುಗಿಸಬಹುದು.

## ಇತರ ವಿಧಾನಗಳು

### ಕಿರು ಜಂಪ್ ಸ್ಟಾರ್ಟರ್

ಲಿಥಿಯಂ ಕೋಶಗಳಿರುವ, ಕೈಯಲ್ಲಿ ಹಿಡಿಯಬಹುದಾದ ಜಂಪ್ ಸ್ಟಾರ್ಟರುಗಳು ಈಗ ಮಾರುಕಟ್ಟೆಯಲ್ಲಿವೆ. ಇವುಗಳಿದ್ದರೆ ಮತ್ತೊಂದು ವಾಹನದ ಅಗತ್ಯವಿಲ್ಲ. ಹಲವು ಮಾದರಿಗಳಲ್ಲಿ ಅದಲುಬದಲು ಜೋಡಣೆಯನ್ನು ಗುರುತಿಸಿ ವಿದ್ಯುತ್ ತಡೆಯುವ ವ್ಯವಸ್ಥೆಯೂ ಇರುತ್ತದೆ. ಇವನ್ನು ಆಗಾಗ ಚಾರ್ಜ್ ಮಾಡಿಡಬೇಕು, ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಟ್ಟಿರಬಾರದು.

### ತಳ್ಳಿ ಹೊರಡಿಸುವುದು

ಕೈಯಿಂದ ಗೇರ್ ಹಾಕುವ ಕಾರನ್ನು ತಳ್ಳಿ ಅಥವಾ ಇಳಿಜಾರಿನಲ್ಲಿ ಬಿಟ್ಟು, ಎರಡನೆಯ ಗೇರಿನಲ್ಲಿ ಕ್ಲಚ್ ಬಿಡುವುದರಿಂದ ಎಂಜಿನ್ ಹೊರಡಿಸುವ ರೂಢಿ ಬಹಳ ಹಿಂದಿನದು. ಆಟೋಮ್ಯಾಟಿಕ್ ಕಾರುಗಳಿಗೆ ಇದು ಒಗ್ಗುವುದಿಲ್ಲ. ಇಂಧನ ಪಂಪು ಮತ್ತು ನಿಯಂತ್ರಕ ಕಂಪ್ಯೂಟರಿಗೆ ಬ್ಯಾಟರಿಯಲ್ಲಿ ಸ್ವಲ್ಪವಾದರೂ ವಿದ್ಯುತ್ ಉಳಿದಿರಬೇಕಾದ್ದರಿಂದ ಪೂರ್ತಿ ಬರಿದಾದ ಕಾರು ಹೀಗೆ ಹೊರಡದು. ಉರಿಯದ ಪೆಟ್ರೋಲ್ ಹೊಗೆಕೊಳವೆಗೆ ಸೇರಿ ಕ್ಯಾಟಲಿಟಿಕ್ ಕನ್ವರ್ಟರ್ ಕೆಡುವ ಸಂಭವವೂ ಇದೆ. ಎಂಜಿನ್ ಓಡದಿರುವಾಗ ಬ್ರೇಕಿಗೂ ಸ್ಟೀರಿಂಗಿಗೂ ಶಕ್ತಿಯ ನೆರವು ದೊರೆಯದೆ ಅವು ಬಹಳ ಬಿಗಿಯಾಗುತ್ತವೆ. ಈ ಕಾರಣದಿಂದ ಘಟ್ಟದ ಇಳಿಜಾರುಗಳಲ್ಲಿ ಈ ವಿಧಾನ ಅಪಾಯಕರ.

### ಹೈಬ್ರಿಡ್ ಮತ್ತು ವಿದ್ಯುತ್ ವಾಹನಗಳು

ಹೈಬ್ರಿಡ್ ಹಾಗೂ ವಿದ್ಯುತ್ ಕಾರುಗಳಲ್ಲಿ ಚಕ್ರಗಳನ್ನು ಓಡಿಸುವ ಅಧಿಕ ವೋಲ್ಟಿನ ಬ್ಯಾಟರಿಯ ಜೊತೆಗೆ ನಿಯಂತ್ರಣ ವ್ಯವಸ್ಥೆಗಾಗಿ 12 ವೋಲ್ಟಿನ ಸಣ್ಣ ಬ್ಯಾಟರಿಯೂ ಸಾಮಾನ್ಯವಾಗಿ ಇರುತ್ತದೆ. ಅದು ಬರಿದಾದರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಎಚ್ಚರಗೊಳ್ಳದು. ಕೈಪಿಡಿ ತೋರಿಸುವ ಬಿಂದುಗಳಲ್ಲಿ ಈ ಸಣ್ಣ ಬ್ಯಾಟರಿಗೆ ಮಾತ್ರ ನೆರವು ಕೊಡಬಹುದು. ಕಿತ್ತಳೆ ಬಣ್ಣದ ತಂತಿಗಳು ಅಧಿಕ ವೋಲ್ಟಿನವು, ಅವನ್ನು ಮುಟ್ಟಿದರೆ ಪ್ರಾಣಕ್ಕೆ ಅಪಾಯ. ತಯಾರಕರು ಸ್ಪಷ್ಟವಾಗಿ ಅನುಮತಿಸದ ಹೊರತು ಇಂಥ ಕಾರುಗಳಿಂದ ಬೇರೆ ವಾಹನಗಳಿಗೆ ವಿದ್ಯುತ್ ಕೊಡಬಾರದು.

### ರಸ್ತೆಬದಿಯ ನೆರವು

ಹಲವು ಕಾರು ತಯಾರಕರೂ ವಿಮಾ ಕಂಪನಿಗಳೂ ರಸ್ತೆಬದಿಯ ನೆರವಿನ ಸೇವೆ ಒದಗಿಸುತ್ತವೆ. ಭಾರತದ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಸಹಾಯವಾಣಿಯ ಸಂಖ್ಯೆ 1033. ಬೆಂಕಿ ಅಥವಾ ಗಾಯದಂಥ ತುರ್ತು ಸಂದರ್ಭಗಳಲ್ಲಿ 112ಕ್ಕೆ ಕರೆ ಮಾಡಬಹುದು.